ಒಳಗಿನಿಂದ ಮೂರು ಬಡಿತ

ಅಕ್ಕಾ, ಅಪ್ಪ ಮನೆಯಲ್ಲಿ, ಹಾಸಿಗೆಯ ಮೇಲೆ, ನಿದ್ದೆಯಲ್ಲಿ ತೀರಿಕೊಳ್ಳಲಿಲ್ಲ. ಬನಹಟ್ಟಿಯ ನಮ್ಮ ವರ್ಕ್‌ಶಾಪಿನೊಳಗೆ, ನಡುಮಧ್ಯಾಹ್ನ, ನಾನು ಹೊರಗಿನಿಂದ ಎಳೆದು ಕೀಲಿ ಹಾಕಿದ್ದ ಶಟರಿನ ಹಿಂದೆ ತೀರಿಕೊಂಡ. ಆ ಶಟರ್ ಈಗ ನಿನ್ನ ಮನೆಯಲ್ಲಿದೆ. ಅದರ ಹಿಂದೆ ನೀವು ಕಾರು ನಿಲ್ಲಿಸುತ್ತೀರಿ.

ಎಂಟು ವರ್ಷಗಳಿಂದ ಈ ಮಾತುಗಳನ್ನು ಮನಸ್ಸಿನಲ್ಲೇ ಬರೆದು ಅಳಿಸುತ್ತ ಬಂದಿದ್ದೇನೆ. ಪ್ರತಿ ಸಲವೂ ಅವು ಸ್ವಲ್ಪ ನುಣುಪಾಗುತ್ತಿದ್ದವು, ಸ್ವಲ್ಪ ನನ್ನ ಕಡೆಗೆ ವಾಲುತ್ತಿದ್ದವು. ಆದ್ದರಿಂದ ಎಲ್ಲೆಲ್ಲಿ ನನ್ನ ನೆನಪನ್ನು ನಂಬಬಾರದೋ ಅಲ್ಲಲ್ಲೇ ಹೇಳಿಬಿಡುತ್ತೇನೆ.

ಹೋದ ವಾರ ನೀನು ಫೋನ್ ಮಾಡಿದೆ. ಗ್ಯಾರೇಜಿನ ಶಟರ್ ತುಕ್ಕು ಹಿಡಿದಿದೆ, ಹೊಸದು ಹಾಕಿಸಬೇಕು, ಅಂಕೋಲಾದ ಅಂಗಡಿಯವನು ಮೂರು ಥರದ್ದು ತೋರಿಸಿದ್ದಾನೆ ಅಂದೆ.

"ಸತುವಿನ ಲೇಪದ್ದೋ, ಅಲ್ಯೂಮಿನಿಯಮ್ಮೋ, ಸ್ಟೇನ್‌ಲೆಸ್ ಸ್ಟೀಲೋ, ನೀನಽ ಹೇಳ್ಬೇಕು ತಮ್ಮಾ. ನಿಮ್ಮ ಮಾಮಾಗ ರಿಮೋಟ್ ಬೇಕಂತ. ಕಾರಿನ್ಯಾಗ ಕುಂತು ಗುಂಡಿ ಒತ್ತೂದಂತ. ಸಾಹೇಬ್ರು" ಎಂದು ನೀನು ಗಂಡನನ್ನು ಛೇಡಿಸಿದೆ.

ಮನೆಗೂ ಸಮುದ್ರಕ್ಕೂ ಎಷ್ಟು ದೂರ ಎಂದು ನಾನು ಕೇಳಿದೆ. "ತೆರಿ ಸಪ್ಪಳ ಅಡಗಿ ಮನಿಗೆ ಕೇಳತೈತಿ" ಅಂದೆ ನೀನು. ಹಾಗಿದ್ದರೆ ದಪ್ಪ ಅಲ್ಯೂಮಿನಿಯಂ ಪಟ್ಟಿಯದ್ದು ತೆಗೆದುಕೋ, ಬೋಲ್ಟುಗಳು ಮಾತ್ರ ಸ್ಟೇನ್‌ಲೆಸ್ ಇರಲಿ, ಎರಡೂ ಬದಿಯಲ್ಲಿ ಪಟ್ಟಿಗಳು ಜಾರುವ ಚಾನಲ್ಲನ್ನು ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆಯಬೇಕು — ಅಂಗಡಿಯವನ ಹಾಗೆ ಹೇಳುತ್ತ ಹೋದೆ. ಆಗ ನೀನು ತಡೆದೆ.

"ಖರೆ, ಒಂದು ಮಾತು ಹೇಳ್ಲೆ? ನಗಬ್ಯಾಡ ಮತ್ತ. ಈ ಶಟರ್ ಮಧ್ಯಾಹ್ನದಾಗ ಬಡೀತೈತಿ. ಮೂರು ಸಲ. ನಿಮ್ಮ ಮಾಮಾ ಬಿಸಲಿಗೆ ಕಬ್ಬಣ ಹಿಗ್ಗತೈತಿ ಅಂತಾರ."

"ನೀ ಏನ್ ಮಾಡ್ತಿ?"

"ಏನ್ ಮಾಡ್ಲಿ? ಹೊರಗ ಹೋಗಿ ಕೈಲೆ ಒಮ್ಮೆ ಬಡೀತೇನಿ. ಅಪ್ಪಗ ಮಾಡ್ತಿದ್ವೆಲ್ಲ, ಹಂಗ. ಸುಮ್ನಾಗತೈತಿ."

ನೀನು ನಕ್ಕೆ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ — ಇದು ಹೋದ ವಾರದ ಮಾತು, ಆದರೂ ನೆನಪಿಲ್ಲ.

ಅಪ್ಪನ ಪದ್ಧತಿ ನಮ್ಮಿಬ್ಬರಿಗೂ ಗೊತ್ತು. ಹೊಸ ಶಟರ್ ಕೂರಿಸಿದ ಮೇಲೆ ಅವನು ಒಳಗೆ ನಿಂತು ಅದನ್ನು ಪೂರ್ತಿ ಇಳಿಸುತ್ತಿದ್ದ. ಕಟ್ಟಿಗೆಯ ಕೊಡತಿಯಿಂದ ಮೂರು ಸಲ ಬಡಿಯುತ್ತಿದ್ದ. ಹೊರಗೆ ನಿಂತವರು ಅಂಗೈಯಿಂದ ಒಮ್ಮೆ ಬಡಿದು ಉತ್ತರ ಕೊಡಬೇಕು. ಉತ್ತರ ಬಂದ ಮೇಲೆಯೇ ಶಟರ್ ಏಳುತ್ತಿತ್ತು. ಸಡಿಲಾದ ಪಟ್ಟಿ ಬೇರೆ ಥರ ಸದ್ದು ಮಾಡುತ್ತದೆ, ಅದನ್ನು ಹಿಡಿಯುವುದಕ್ಕೆ ಈ ಪರೀಕ್ಷೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ನಮಗೆ ಹೇಳಿದ್ದು ಬೇರೆ: "ಒಳಗ ಸಿಕ್ಕಾಂವನ ಸಪ್ಪಳ ಹೊರಗಿನವ್ರಿಗೆ ಕೇಳಬೇಕಲೇ." ಮೊದಲು ಹೊರಗೆ ನಿಲ್ಲುತ್ತಿದ್ದವಳು ನೀನು. ನಿನ್ನ ಮದುವೆಯಾದ ಮೇಲೆ ನಾನು.

ಕೊನೆಯ ವರ್ಷ ಅವನಿಗೆ ಮರೆವು ಹತ್ತಿತ್ತಲ್ಲ. ಒಮ್ಮೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ, ಇನ್ನೊಮ್ಮೆ ಗಲಗಲಿಯಲ್ಲಿ, ಹೊಳೆಯ ದಂಡೆಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. "ಅಪ್ಪನ್ನ ಒಬ್ಬನ್ನಽ ಬಿಡಬ್ಯಾಡ" ಎಂದು ಫೋನಿನಲ್ಲಿ ನೀನು ಅತ್ತೆ. ಬಿಡುವುದಿಲ್ಲ ಅಂದೆ ನಾನು. ಹೊರಗೆ ಕೆಲಸವಿದ್ದಾಗ ಅವನನ್ನು ವರ್ಕ್‌ಶಾಪಿನೊಳಗೆ ಕೂರಿಸಿ ಶಟರ್ ಎಳೆಯತೊಡಗಿದೆ. ನಿನಗೆ ಹೇಳಲಿಲ್ಲ. ಮೊದಮೊದಲು ಹತ್ತು ನಿಮಿಷ. ಆಮೇಲೆ — ಆಮೇಲೆ ಎಷ್ಟು ಹೊತ್ತು ಎಂದು ನೋಡುವುದನ್ನೇ ಬಿಟ್ಟೆ.

ಆ ದಿನ ನನ್ನ ಹೆಂಡತಿ ಸಾವಳಗಿಗೆ, ತವರಿಗೆ ಹೋಗಿದ್ದಳು. ಬೇಸಿಗೆ. ಒಂದು ಫಿಟ್ಟಿಂಗ್ ಕೆಲಸಕ್ಕೆ ಹೋಗಬೇಕಿತ್ತು, ಅದಕ್ಕೇ ಶಟರ್ ಎಳೆದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಯಾವ ಕೆಲಸವೂ ಇರಲಿಲ್ಲ. ಬೆಳಗಿನಿಂದ ಒಂದೇ ಪ್ರಶ್ನೆಯನ್ನು ಅವನು ಮತ್ತೆ ಮತ್ತೆ ಕೇಳುತ್ತಿದ್ದ — ನಿನ್ನ ಅಕ್ಕ ಶಾಲೆಯಿಂದ ಬಂದಳಾ ಎಂದು. ನನಗೆ ಸಾಕಾಗಿತ್ತು. ಎದುರಿನ ಈರಪ್ಪನ ಅಂಗಡಿಯಲ್ಲಿ ಸುಮ್ಮನೆ ಕುಳಿತು ಒಂದು ಚಹಾ ಕುಡಿಯಬೇಕೆನಿಸಿತು. ಅಷ್ಟೇ.

ಮಗ್ಗಗಳ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ — ಇದು ನಾನು ಹೇಳಿಕೊಂಡ ಎರಡನೆಯ ಸುಳ್ಳು. ನಮ್ಮ ಓಣಿಯ ಪವರ್‌ಲೂಮುಗಳು ಶುರುವಾದರೆ ಪಕ್ಕದವನ ಮಾತು ಕೇಳುವುದಿಲ್ಲ, ನಿಜ. ಆದರೆ ನಾನು ಚಹಾದ ಮೊದಲ ಗುಟುಕು ಕುಡಿಯುವಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿ ಒಮ್ಮೆಲೇ ಮೂಕವಾಯಿತು. ಆ ಮೌನದಲ್ಲಿ ಅದೊಂದೇ ಸದ್ದು ಉಳಿಯಿತು. ಮೂರು ಬಡಿತ. ಬಿಡುವು. ಮತ್ತೆ ಮೂರು.

"ನಿಮ್ಮಪ್ಪ ಇನ್ನಾ ರಿಟೈರ್ ಆಗಿಲ್ಲ ನೋಡೋ" ಅಂದ ಈರಪ್ಪ. "ಶಟರ್ ಟೆಸ್ಟ್ ನಡಸ್ಯಾನ." ಅಲ್ಲಿದ್ದವರು ನಕ್ಕರು. ನಾನೂ ನಕ್ಕೆ. "ಹೋಗಿ ಉತ್ತರಾ ಕೊಟ್ಟು ಬಾರಲೇ. ಹಿರ್ಯಾ ಕಾಯಾಕತ್ತಾನ."

ಆಗ ನಾನು ಅಂದೆ — ಇದರಲ್ಲಿ ನನ್ನ ನೆನಪು ತಪ್ಪಿಲ್ಲ, ತಪ್ಪಿದ್ದರೆ ಚೆನ್ನಾಗಿತ್ತು — "ಬಡೀಲಿ ಬಿಡು. ದಣಿದ್ರ ತಾನಽ ಸುಮ್ನಾಗ್ತಾನ."

ರಸ್ತೆ ದಾಟಿದರೆ ಇಪ್ಪತ್ತು ಹೆಜ್ಜೆ. ಬಡಿತ ಜೋರಾಯಿತು. ನಡುವಿನ ಬಿಡುವು ಉದ್ದವಾಯಿತು. ಒಂದು ಹೊತ್ತಿಗೆ ಮೂರರ ಬದಲು ಎರಡೇ ಕೇಳಿಸಿತು, ಮೂರನೆಯದಕ್ಕಾಗಿ ನಾನು ಕಾದೆ — ಅದು ಬರಲಿಲ್ಲ. ಅಕ್ಕಾ, ನನಗೆ ಹಾಯೆನಿಸಿತು. ಇನ್ನೊಂದು ಚಹಾ ಹೇಳಿದೆ.

ಕರೆಂಟು ಬಂದ ಮೇಲೆ ಎದ್ದೆ. ಶಟರ್ ಎತ್ತಿದಾಗ ಅವನು ಅದಕ್ಕೇ ಒರಗಿ ಕುಳಿತಿದ್ದ, ಹೊರಗೆ ನನ್ನ ಕಾಲಿನ ಮೇಲೆ ವಾಲಿದ. ಕೊಡತಿ ಕೈಯಲ್ಲೇ ಇತ್ತು. ಮೈ ಬೆಚ್ಚಗಿತ್ತು, ಅದು ಅವನ ಬಿಸಿಯೋ ತಗಡಿನ ಬಿಸಿಯೋ ನನಗೆ ತಿಳಿಯಲಿಲ್ಲ. "ಇನ್ನಾ ಜೀವ ಐತಿ" ಎಂದು ಈರಪ್ಪನಿಗೆ ಸುಳ್ಳು ಹೇಳಿ ಆಟೋದಲ್ಲಿ ಹಾಕಿಕೊಂಡು ಹೋದೆ. ದವಾಖಾನೆಗಲ್ಲ, ಮನೆಗೆ. ಹಾಸಿಗೆ ಹಾಸಿ ಮಲಗಿಸಿದೆ. ಹೊದಿಕೆ ಹೊದಿಸಿ, ಮುಖ ಒರೆಸಿ ನಿನಗೆ ಫೋನ್ ಮಾಡಿದೆ. "ನಿದ್ದಿಯೊಳಗಽ ಹೋದ" ಅಂದೆ. "ಪುಣ್ಯವಂತ" ಅಂದೆ ನೀನು.

ಎರಡು ವರ್ಷದ ಮೇಲೆ ನಿನ್ನ ಹೊಸ ಮನೆಯ ವಾಸ್ತುಶಾಂತಿ. ತವರಿನವರು ಸೀರೆ ತಂದು ಆಯೇರ ಮಾಡಬೇಕು. ನೀನು ಸೀರೆ ಬೇಡವೆಂದೆ. "ಅಪ್ಪ ತನ್ನ ಕೈಲೆ ಮಾಡಿದ ಶಟರ್ ಕೊಡು. ಗ್ಯಾರೇಜಿಗೆ ಹಾಕಿಸ್ತೇನಿ. ಅದಽ ನನಗ ತವರಮನಿ ಆಯೇರ." ಕಡಲ ಗಾಳಿಗೆ ಈ ಕಬ್ಬಿಣ ತಾಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದ್ದರೆ ನೀನು ಕೇಳುತ್ತಿದ್ದೆ. ಹೇಳಲಿಲ್ಲ — ಅದು ನನ್ನ ಕಣ್ಣ ಮುಂದಿನಿಂದ ಹೋದರೆ ಸಾಕಾಗಿತ್ತು.

ಆ ಪಟ್ಟಿಗಳ ಮೇಲೆ ಒಳಗಿನಿಂದ ಬಿದ್ದ ಏಟುಗಳು ಹೊರಗೆ ಗುಳ್ಳೆಗಳಂತೆ ಎದ್ದಿದ್ದವು. ಸುತ್ತಿಗೆಯಿಂದ ಒಂದೊಂದನ್ನೇ ಬಡಿದು ಸಮ ಮಾಡಿದೆ. ಉಜ್ಜಿದೆ. ಎರಡು ಕೈ ಬಣ್ಣ ಹಚ್ಚಿದೆ. ಯಾರಿಗೂ ಗೊತ್ತಾಗದಂತೆ. ಬಡಿದಲ್ಲಿ ಸತುವಿನ ಲೇಪ ಒಡೆದಿರುತ್ತದೆ, ಉಪ್ಪು ಮೊದಲು ಅಲ್ಲಿಗೇ ಇಳಿಯುತ್ತದೆ ಎಂಬುದು ನನ್ನ ಕಸುಬಿನ ಮೊದಲ ಪಾಠ. ಅದನ್ನೂ ಮರೆತಿದ್ದೆನೋ, ಅಥವಾ — ಇಲ್ಲ, ಮರೆತಿರಲಿಲ್ಲ.

ಹೋದ ವಾರ ಫೋನ್ ಇಟ್ಟ ಮೇಲೆ ನೀನು ಕಳಿಸಿದ ಫೋಟೋ ಬಂತು. ಹಸಿರು ಬಣ್ಣದ ಮೇಲೆ ತುಕ್ಕಿನ ಕಲೆಗಳು, ಉಳಿದ ಜಾಗವೆಲ್ಲ ಇನ್ನೂ ಗಟ್ಟಿ. ಕೆಳಗೆ ನೀನು ಬರೆದಿದ್ದೆ: "ನೋಡು, ಹೆಂಗ ಹಿಡದೈತಿ. ಯಾರೋ ಬಡಕೊಂತ ಬಡಕೊಂತ ಸಾವಕಾಶ ಕೆಳಗ ಕುಂತಂಗ ಕಾಣತೈತಿ." ನಗುವ ಮುಖವೊಂದನ್ನೂ ಹಾಕಿದ್ದೆ.

ಫೋಟೋ ದೊಡ್ಡದು ಮಾಡಿ ನೋಡಿದೆ. ಎದೆಯ ಎತ್ತರದಲ್ಲಿ ಮೂರು. ಮತ್ತೆ ಮೂರು. ಸೊಂಟದ ಎತ್ತರದಲ್ಲಿ ಮೂರು. ಮೊಣಕಾಲಿನ ಮಟ್ಟದಲ್ಲಿ ಮೂರು. ನೆಲದಿಂದ ಒಂದು ಗೇಣು ಮೇಲೆ — ಎರಡು. ಎಂಟು ವರ್ಷಗಳಿಂದ ನನ್ನ ನೆನಪು ಎಷ್ಟೋ ಸಲ ಬದಲಾಗಿದೆ. ಆ ತಗಡಿನದ್ದು ಬದಲಾಗಿಲ್ಲ.

ಅವನು ಬಿಡಿಸಿಕೊಳ್ಳಲು ಬಡಿಯುತ್ತಿದ್ದನೋ, ಶಟರ್ ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ನಮ್ಮ ಉತ್ತರಕ್ಕೆ ಕಾಯುತ್ತಿದ್ದನೋ ನನಗೆ ಗೊತ್ತಿಲ್ಲ. ಯಾವುದಾಗಿದ್ದರೂ ಉತ್ತರ ಕೊಡಬೇಕಾದವನು ನಾನು. ನಾನು ಕೊಡಲಿಲ್ಲ. ಆರು ವರ್ಷಗಳಿಂದ ನೀನು ಏನೂ ತಿಳಿಯದೆ, ದಿನಾ ಹೊರಗೆ ಹೋಗಿ ಕೊಡುತ್ತಿದ್ದೀಯ.

ಹಳೆಯ ಶಟರನ್ನು ಗುಜರಿಗೆ ಹಾಕಬೇಡ. ನಾನೇ ಬಂದು ಬಿಚ್ಚುತ್ತೇನೆ. ಬನಹಟ್ಟಿಗೆ ತಂದು ಅದರ ಜಾಗದಲ್ಲೇ ಕೂರಿಸುತ್ತೇನೆ. ಬಣ್ಣ ಹಚ್ಚುವುದಿಲ್ಲ. ಯಾರಾದರೂ ಕೇಳಿದರೆ ಹೇಳುತ್ತೇನೆ.

"ಹೊಸಾದು ಕೂಡ್ರಿಸಿದ ಮ್ಯಾಲ ನೀ ಒಳಗ ನಿಂತು ಬಡದ ನೋಡಬೇಕು, ಅಪ್ಪನಂಗ. ನಾ ಹೊರಗ ನಿಂದರ್ತೇನಿ" ಎಂದು ಫೋನ್ ಇಡುವ ಮೊದಲು ನೀನು ಹೇಳಿದ್ದೆ. ಬರುತ್ತೇನೆ. ಈ ಕಾಗದ ನನಗಿಂತ ಮೊದಲು ನಿನ್ನ ಕೈ ಸೇರಿರುತ್ತದೆ. ಹೊಸ ಬಾಗಿಲು ಇಳಿದ ಮೇಲೆ ಕೀಲಿಯೂ ರಿಮೋಟೂ ನಿನ್ನ ಹತ್ತಿರವೇ ಇರಲಿ. ನಾನು ಒಳಗಿನಿಂದ ಮೂರು ಸಲ ಬಡಿಯುತ್ತೇನೆ. ಆಮೇಲೆ ಸುಮ್ಮನೆ ನಿಂತಿರುತ್ತೇನೆ. ಇನ್ನೊಮ್ಮೆ ಬಡಿಯುವುದಿಲ್ಲ.