ದೊಡ್ಡಬೈರಪ್ಪನ ಬಫಿಂಗ್ ಮೆಷಿನ್

ದೊಡ್ಡಬೈರಪ್ಪ ಬಟ್ಟೆಯಲ್ಲಿ ಉಜ್ಜಿ ವ್ಯಾಕ್ಸ್ ಹಾಕಿದ ಕಾರಿನ ಮೇಲೆ ಮಲ್ಲೇಶ್ವರದ ನೊಣಗಳು ಕೂರುತ್ತಿರಲಿಲ್ಲ. ಕೂತವು ಬಾನೆಟ್ಟಿನಿಂದ ಜಾರಿ ಶೇಷಾದ್ರಿಪುರದಲ್ಲಿ ಬೀಳುತ್ತಿದ್ದವು. ನಾನು ಕಣ್ಣಾರೆ ಕಂಡಿದ್ದೇನೆ.

ತೊಂಬತ್ತೆಂಟರಲ್ಲಿ ಅವನ ಬಲಭುಜ ಹಿಡಿದುಕೊಂಡಿತು. ಅಂಗಿ ತೊಡಿಸುವುದಕ್ಕೂ ಹೆಂಡತಿ ಮುನಿಯಕ್ಕನೇ ಬರಬೇಕು. ಆಯುಧಪೂಜೆ ಹತ್ತಿರವಾಗಿತ್ತು, ಕಾರುಗಳೆಲ್ಲ ಮಿಂಚಬೇಕಾದ ಕಾಲ. ಆ ಸಲ ಬರಲಾಗದು ಎಂದರೆ ಗಿರಾಕಿಗಳು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ, ಅಲ್ಲಿಗೆ ಅವನ ಕಸುಬು ಮುಗಿಯಿತು. ಉಳಿದ ದಾರಿ, ಕೈಯ ಬದಲು ಉಜ್ಜಿ ಹೊಳಪು ಕೊಡುವ ಮೆಷಿನ್ ಒಂದೇ.

ಜೆ.ಸಿ. ರಸ್ತೆಯ ಅಂಗಡಿಗೆ ಗೆಳೆಯನ ಜೊತೆ ನಾನೂ ಹೋಗಿದ್ದೆ. ಅಂಗಡಿಯವನು ಎರಡು ಮೆಷಿನ್ ಇಟ್ಟ. ಒಂದು ಭಾರದ್ದು, ಗಿರಗಿರನೆ ಸುತ್ತುವಂಥದ್ದು. ಇನ್ನೊಂದು ಹಗುರ, ಅದುರುತ್ತ ನಿಧಾನಕ್ಕೆ ಉಜ್ಜುವಂಥದ್ದು.

"ಹೊಸಬ್ರಿಗೆ ಈ ಹಗುರದ್ದೇ ಒಳ್ಳೇದು ಯಜಮಾನ್ರೇ. ದೊಡ್ಡದು ಒಂದೇ ಕಡೆ ನಿಂತ್ರೆ ಪೇಂಟ್ ಸುಟ್ಟುಬಿಡುತ್ತೆ."

"ಹೊಸಬ್ರು ಯಾರಪ್ಪ ಇಲ್ಲಿ? ನಡುಗೋಕೆ ನನ್ ಕೈಯೇ ಇದೆ, ಅದಕ್ಕೆ ಬೇರೆ ಮೆಷಿನ್ ಬೇಕಾ?" ಎಂದು ಬೈರಪ್ಪ ದೊಡ್ಡದನ್ನೇ ಎಡಹೆಗಲ ಮೇಲೆ ಹೊತ್ತು ತಂದ.

ಶ್ರೀರಾಂಪುರದ ಮನೆಯಲ್ಲಿ ಮುನಿಯಕ್ಕ ಪೂಜೆಗೆ ಕೂತಳು. "ಇದಕ್ಕೆ ಮುಖ ಎಲ್ಲೈತ್ರೀ?" ಎಂದು ತಿರುಗಿಸಿ ನೋಡಿ, ದುಂಡಗೆ ಬೆಳ್ಳಗಿದ್ದ ಉಣ್ಣೆಯ ಪ್ಯಾಡೇ ಮುಖವೆಂದು ತೀರ್ಮಾನಿಸಿ, ಅದರ ನಡುವೆ ಅಂಗೈಯಗಲ ಕುಂಕುಮ ಮೆತ್ತಿದಳು.

ಮರುದಿನ ಮಲ್ಲೇಶ್ವರದ ಹಳೇ ಗಿರಾಕಿ ವಿಶಾಲಮ್ಮನವರ ಕೆನೆಬಣ್ಣದ ಫಿಯೆಟ್. ಬೈಗುಳದಲ್ಲಿ ಆಕೆಗೆ ಇಡೀ ಎಂಟನೇ ಕ್ರಾಸಿನಲ್ಲಿ ಸಮಾನರಿರಲಿಲ್ಲ.

"ಪ್ಯಾಡಿನ ಕುಂಕುಮ ಒರೆಸೋ ಮಾರಾಯ" ಎಂದೆ.

"ಮೊದಲ್ನೇ ದಿನವೇ ಹಣೆ ಒರೆಸ್ತಾರಾ? ಬಾಯಿ ಮುಚ್ಕೊಂಡಿರಪ್ಪ ನೀನು."

ಬಾನೆಟ್ಟಿಗೆ ವ್ಯಾಕ್ಸ್ ಹಚ್ಚಿ ಸ್ವಿಚ್ ಒತ್ತಿದ. ಫಿಯೆಟ್ ನೋಡನೋಡುತ್ತ ಕೆಂಪೇರಿತು. ಹಳೇ ಪೇಂಟು ಕುಂಕುಮದ ಬಣ್ಣವನ್ನು ಕುಡಿದುಬಿಟ್ಟಿತ್ತು. ಬಟ್ಟೆಯಲ್ಲಿ ಒರೆಸಿದರೂ ಹೋಗಲಿಲ್ಲ. ಗಾಬರಿಯಲ್ಲಿ ಪ್ಯಾಡ್ ಬದಲಿಸಿ, ಬಟ್ಟೆ ಹಿಡಿದಾಗ ಮಾಡುತ್ತಿದ್ದಂತೆ ಮೈಭಾರವನ್ನೆಲ್ಲ ಬಿಟ್ಟು, ಬಾನೆಟ್ಟಿನ ನಡುವಿನ ಉಬ್ಬುಗೆರೆಯ ಮೇಲೆ ಒತ್ತಿ ಹಿಡಿದ. ಸುಟ್ಟ ವಾಸನೆ ಬಂತು. ಮೆಷಿನ್ ಎತ್ತಿದರೆ ಕೆಂಪೂ ಇಲ್ಲ, ಕೆನೆಯೂ ಇಲ್ಲ, ಬರಿಯ ತಗಡು.

ವಿಶಾಲಮ್ಮ ಹೊರಗೆ ಬಂದರು. ಬೈರಪ್ಪ ತಲೆ ತಗ್ಗಿಸಿ ಬೈಗುಳಕ್ಕೆ ಕಾದ. ನಾನು ಗೇಟಿನಾಚೆ ಸರಿದು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಆಕೆ ತಗಡನ್ನು ನೋಡಿದರು. ಆಮೇಲೆ ಅವನ ಭುಜವನ್ನು ನೋಡಿದರು.

"ಹೋಗ್ಲಿ ಬಿಡಿ ಬೈರಪ್ಪನವರೇ. ಕೂತ್ಕೊಳ್ಳಿ, ಕಾಫಿ ತರ್ತೀನಿ."

ಅಷ್ಟು ವರ್ಷ "ಏನಯ್ಯಾ, ಬಾರಯ್ಯಾ" ಎನ್ನುತ್ತಿದ್ದ ಬಾಯಿ ಅದು. ಬೈದಿದ್ದರೆ ಮುಂದಿನ ತಿಂಗಳು ಮತ್ತೆ ಕರೆಯುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

"ಅಮ್ಮಾವ್ರೇ, ಒಂದ್ಸಲ ಬೈದ್ಬಿಡಿ" ಎಂದ.

ಆಕೆ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದರು.