ಮಹಾಂತೇಶ ಸರ್ ಅವರ ತಾಟು

ಮಹಾಂತೇಶ ಸರ್ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದರು, ಒಂದನೇ ತರಗತಿಯ ಮಕ್ಕಳು ಪಾಠ ಓದುವ ಹಾಗೆ. ಗಟ್ಟಿಯಾಗಿಯೇ ಓದುತ್ತಿದ್ದರು. ಬೆರಳು ಜಾರಿ ಜಾರಿ ಅವರ ಪರದೆಯ ಎಡ ಅಂಚಿನಲ್ಲಿ ಒಂದು ಮಬ್ಬು ಪಟ್ಟಿ ಮೂಡಿತ್ತು. ಸಾರಕ್ಕಿ ಮಾರುಕಟ್ಟೆಯ ಹಿಂದೆ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆರು ಜನರ ಆಫೀಸು. ಎರಡು ಸಾವಿರದ ಒಂಬತ್ತರಲ್ಲಿ ನಾನು ಅಲ್ಲಿ ಪ್ರೊಬೇಷನ್ ಮೇಲೆ ಸೇರಿದಾಗ ಅವರಿಗೆ ನಲವತ್ತು ದಾಟಿತ್ತು ಎಂದು ನನ್ನ ನೆನಪು. ಲೆಕ್ಕ ಹಾಕಿದರೆ ಮೂವತ್ತಾರಿರಬೇಕು. ನೆನಪು ಹೀಗೆ ಕೈಕೊಡುತ್ತದೆಂದು ಆ ವರ್ಷದ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಗದಗದ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಹಣೆಯ ವಿಭೂತಿ ಮಧ್ಯಾಹ್ನದೊಳಗೆ ಬೆವರಿಗೆ ಅಳಿಸಿರುತ್ತಿತ್ತು. ಡಬ್ಬಿಯಲ್ಲಿ ಖಡಕ್ ರೊಟ್ಟಿ. ಅವರು ಮುರಿಯುವ ಸದ್ದಿಗೆ ನಮ್ಮ ಮಾಲೀಕ ರಘು ಸರ್ ಒಳಕೋಣೆಯಿಂದಲೇ, "ಏನ್ ಗುರು, ಹೆಂಚು ಒಡೀತಿದೀಯಾ?" ಎಂದು ಕೂಗುವರು.

"ನಿಮ್ಮ ಅನ್ನ ಉಂಡ್ರ ನಿದ್ದಿ ಬರತೈತ್ರಿ. ಇದು ಎಬ್ಬಸ್ತೈತಿ," ಎಂದು ಇವರು.

ಆ ವರ್ಷವೇ ನಾವು ಗಿಟ್ ಬಳಸಲು ಶುರುಮಾಡಿದ್ದೆವು. ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನೆಲ್ಲ ಜೋಪಾನವಾಗಿಡುವ ವ್ಯವಸ್ಥೆ ಅದು. ಆದರೆ ತಿದ್ದಿದ್ದೆಲ್ಲ ತಾನಾಗಿ ಒಳಗೆ ಸೇರುವುದಿಲ್ಲ. ಯಾವುದು ಸೇರಬೇಕೋ ಅದನ್ನು ಮೊದಲು ಆರಿಸಿ ಒಂದು ಕಡೆ ಇಡಬೇಕು. ಆಮೇಲೆ ಕಮಿಟ್ ಮಾಡಬೇಕು, ಎಂದರೆ ದಾಖಲೆಗೆ ಸೇರಿಸಬೇಕು. ನಡುವಿನ ಆ ಜಾಗಕ್ಕೆ ಸ್ಟೇಜಿಂಗ್ ಏರಿಯಾ ಎಂದು ಹೆಸರು. ಮಹಾಂತೇಶ ಸರ್ ಬಾಯಲ್ಲಿ ಮಾತ್ರ ಅದು ತಾಟು.

"ನೋಡವಾ ಸುಮಾ," ಎಂದರು ನನಗೆ ಕಲಿಸುವಾಗ, "ಗುಡಿಗೆ ಹೋಗಾಕ ತಾಟು ಜೋಡಸ್ತೀವಿ. ಕಾಯಿ ತಾಟಿನ್ಯಾಗ ಇಟ್ಟಿ, ಹೂವು ಕೈಯಾಗ ಉಳೀತು. ಪೂಜಾರಿ ಒಳಗ ಒಯ್ಯೂದು ತಾಟು. ಕೈಯಾಗಿಂದು ಕೈಯಾಗ. ಇನ್ನೊಂದು: ತಾಟಿಗೆ ಹಾಕಿದ ಮ್ಯಾಲ ಫೈಲ್ ಮತ್ತ ತಿದ್ದಿದಿ ಅಂದ್ರ, ತಾಟಿನ್ಯಾಗ ಇರೂದು ಹಳೇದ. ಹೊಸಾದನ್ನ ಮತ್ತ ಹಾಕಬೇಕು. ಮರೀಬ್ಯಾಡ."

ಅವರು ಒಂದು ಫೈಲನ್ನು ಇಡಿಯಾಗಿ ತಾಟಿಗೆ ಹಾಕಿದ್ದನ್ನು ನಾನು ನೋಡಲೇ ಇಲ್ಲ. ಅದರೊಳಗಿನ ತಿದ್ದುಪಡಿಗಳನ್ನು ಒಂದೊಂದಾಗಿ ಬಿಡಿಸಿ, ಇದು ಹೋಗಲಿ, ಇದು ಇರಲಿ ಎಂದು ಆರಿಸುತ್ತಿದ್ದರು. ಸೊಪ್ಪು ಬಿಡಿಸುವವರ ತಾಳ್ಮೆ. ಆರಿಸಿದ ಮೇಲೆ ತಾಟಿನಲ್ಲಿದ್ದದ್ದನ್ನು ಬೆರಳಿಟ್ಟು ಓದಿ, ಆಮೇಲೆ ಕಮಿಟ್. ನಮ್ಮೆಲ್ಲರ ತಾಟನ್ನೂ ಹಾಗೆಯೇ ಓದಿ ಕಳಿಸುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ.

ಬನಶಂಕರಿ ಕಡೆಯ ಒಂದು ಸಣ್ಣ ಆಸ್ಪತ್ರೆಯ ಲ್ಯಾಬಿಗೆ ನಾವು ಪ್ರೋಗ್ರಾಮ್ ಮಾಡಿಕೊಟ್ಟಿದ್ದೆವು. ರಕ್ತದ ಟ್ಯೂಬುಗಳ ಮೇಲೆ ಅಂಟಿಸುವ ಹೆಸರಿನ ಚೀಟಿ ಅದರಿಂದಲೇ ಅಚ್ಚಾಗುತ್ತಿತ್ತು. ಅದರಲ್ಲೊಂದು ತಿದ್ದುಪಡಿ ನನ್ನ ಪಾಲಿಗೆ ಬಂತು. ಸಂಜೆ ಒಂದು ಬಗೆಯಲ್ಲಿ ತಿದ್ದಿ ತಾಟಿಗೆ ಹಾಕಿದೆ. ಬೆಳಿಗ್ಗೆ ಅದು ಅರೆಬರೆ ಎಂದು ತಿಳಿದು ಅದೇ ಫೈಲನ್ನು ಪೂರ್ತಿ ಸರಿಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ನಡೆಸಿ ನೋಡಿದರೆ ಚೀಟಿಗಳು ಸರಿಯಾಗಿಯೇ ಬಂದವು. ಕಮಿಟ್ ಮಾಡುವುದಷ್ಟೇ ಬಾಕಿ.

"ಮಹಾಂತೇಶ್, ಹತ್ತಕ್ಕೆ ಲ್ಯಾಬಲ್ಲಿ ಇರ್ಬೇಕು ನಾನು," ಎಂದು ರಘು ಸರ್ ಕಾರಿನ ಕೀ ಕುಣಿಸುತ್ತ ಬಾಗಿಲಲ್ಲೇ ನಿಂತಿದ್ದರು. ಮಹಾಂತೇಶ ಸರ್ ಅರ್ಧ ಎದ್ದು, ಗಡಿಯಾರ ನೋಡಿ, ಮತ್ತೆ ಕೂತರು.

"ತಾಟು ನೋಡೀಯೇನವಾ?"

ನಾನು ಹೌದೆಂದು ತಲೆಯಾಡಿಸಿದೆ. ದಿನಚರಿಯಲ್ಲಿ ಹಾಗೆಂದೇ ಇದೆ: 'ತಲೆಯಾಡಿಸಿದೆ.' ನೋಡಿರಲಿಲ್ಲ. ಕಮಿಟ್ ಮಾಡಿದೆ. ಅದರಿಂದ ತಯಾರಾದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ರಘು ಸರ್ ಹೊರಟರು.

ಹನ್ನೊಂದೂ ಕಾಲಿಗೆ ಮುಂದಿನ ಕೆಲಸ ಶುರುಮಾಡಲೆಂದು ಗಿಟ್‌ನ ಸ್ಥಿತಿ ನೋಡಿದೆ. ಅದೇ ಫೈಲಿನ ಹೆಸರು ಇನ್ನೂ ಕೆಂಪಕ್ಷರದಲ್ಲಿತ್ತು. ತಿದ್ದಲಾಗಿದೆ, ತಾಟಿಗೆ ಬಂದಿಲ್ಲ ಎಂದು ಅರ್ಥ. ಲ್ಯಾಬಿಗೆ ಹೋದದ್ದು ಸಂಜೆಯ ಅರೆಬರೆ ಪ್ರತಿ. ಅದು ಒಮ್ಮೊಮ್ಮೆ ಹಿಂದಿನ ರೋಗಿಯ ಹೆಸರನ್ನೇ ಮುಂದಿನ ಚೀಟಿಗೂ ಅಚ್ಚು ಹಾಕುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಿದ್ದದ್ದು ಸರಿಯಾದ ಪ್ರತಿ ನನ್ನ ಕೈಯಲ್ಲೇ ಉಳಿದಿದ್ದರಿಂದ. ಪ್ರೊಬೇಷನ್ ಮುಗಿಯಲು ಮೂರು ವಾರವಿತ್ತು. ಆ ಎಣಿಕೆ ತಲೆಯಲ್ಲಿ ಹಾದುಹೋದದ್ದು ಚೆನ್ನಾಗಿ ನೆನಪಿದೆ. ಆಮೇಲೆ ಎದ್ದು ಹೋಗಿ ಮಹಾಂತೇಶ ಸರ್‌ಗೆ ಹೇಳಿದೆ.

ಅವರು ಬೈಯಲಿಲ್ಲ. ಲ್ಯಾಬಿಗೆ ಫೋನ್ ಮಾಡಿದರು, ಎಂಗೇಜ್. ಮತ್ತೆ ಮಾಡಿದರು; ಎಂಗೇಜ್. ರಘು ಸರ್ ಮೊಬೈಲ್ ಎತ್ತಲಿಲ್ಲ. "ಕುಂದ್ರು, ಈಗ ಸರಿಯಾದ್ದು ಹಾಕು," ಎಂದರು. ನಾನು ಕೀಬೋರ್ಡನ್ನು ಅವರತ್ತ ಸರಿಸಿದೆ. "ನೀವೇ ಹಾಕಿ ಸರ್." "ಇಲ್ಲ, ನೀನ ಹಾಕು. ಓದು, ಗಟ್ಟಿಯಾಗಿ." ಒಂದೊಂದು ಕ್ಷಣವೂ ಬೆಲೆಬಾಳುವ ಆ ಹೊತ್ತಿನಲ್ಲಿ ನಾನು ತಿದ್ದಿದ್ದ ಹನ್ನೆರಡು ಸಾಲನ್ನೂ ಬೆರಳಿಟ್ಟು ಓದಿಸಿದರು.

ಲ್ಯಾಬಿಗೆ ಹೊರಟ ನಮ್ಮಿಬ್ಬರ ಆಟೋ ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ಸರಿಯಾದ ಪ್ರತಿಯಿದ್ದ ಇನ್ನೊಂದು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಅವರು ಮತ್ತೆ ಮತ್ತೆ ಅದೇ ನಂಬರ್ ಒತ್ತುತ್ತಿದ್ದರು. ಕೊನೆಗೆ ಸಿಕ್ಕಿತು. "ಅಕ್ಕಾರ, ಚೀಟಿ ಹಚ್ಚೂದು ನಿಲ್ಲಸ್ರಿ. ಪೆನ್ನಿಂದ ಬರೀರಿ. ಯಾರಿಗೂ ರಿಪೋರ್ಟ್ ಕೊಡಬ್ಯಾಡ್ರಿ!"

ಲ್ಯಾಬಿನ ಟೆಕ್ನಿಷಿಯನ್ ಪದ್ಮಾ ಎರಡು ಟ್ಯೂಬುಗಳನ್ನು ನಮ್ಮ ಮುಖದ ಮುಂದೆ ಹಿಡಿದರು. "ಎರಡರ ಮೇಲೂ ಲಕ್ಷ್ಮಮ್ಮ ಅಂತಿದೆ. ಲಕ್ಷ್ಮಮ್ಮಂದು ಯಾವ್ದು, ಸರಸ್ವತಿದು ಯಾವ್ದು, ನೀವೇ ಹೇಳಿ ಸಾರ್. ಮಧ್ಯಾಹ್ನ ಇವರಲ್ಲೊಬ್ಬರಿಗೆ ಆಪರೇಷನ್ ಇದೆ, ಬ್ಲಡ್ ಗ್ರೂಪ್ ನೋಡಿ ರಕ್ತ ತರಿಸ್ಬೇಕು."

ರಕ್ತವನ್ನಿನ್ನೂ ತರಿಸಿರಲಿಲ್ಲ. ಬೆಳಗಿನ ಟ್ಯೂಬುಗಳನ್ನೆಲ್ಲ ಎಸೆದು, ಎಲ್ಲರಿಗೂ ಮತ್ತೆ ಸೂಜಿ ಚುಚ್ಚಿದರು. ಬೆಂಚಿನ ಮೇಲೆ ಕೂತಿದ್ದ ಸರಸ್ವತಿಯವರು ತೋಳು ಚಾಚುತ್ತ, "ಮತ್ಯಾಕಮ್ಮಾ? ಈಗ್ತಾನೆ ಕೊಟ್ನಲ್ಲ?" ಎಂದು ಕೇಳಿದ್ದು ಪದ್ಮಾ ಅವರನ್ನು. ತಲೆ ತಗ್ಗಿಸಿದ್ದು ನಾನು.

ಆಸ್ಪತ್ರೆಯವರು ಲಿಖಿತ ವಿವರಣೆ ಕೇಳಿದರು. ರಘು ಸರ್ ನಮ್ಮಿಬ್ಬರನ್ನೂ ಒಳಗೆ ಕರೆದರು. "ಈ ಹುಡುಗಿ ಮಾಡಿದ್ದು ತಾನೆ? ಇವತ್ತೇ ಕಳಿಸಿಬಿಡ್ತೀನಿ."

"ನೋಡಿ ಕಳಸೂದು ನನ್ನ ಕೆಲಸರಿ. ನಾ ನೋಡ್ಲಿಲ್ಲ," ಎಂದರು ಮಹಾಂತೇಶ ಸರ್. ವಿವರಣೆಯನ್ನೂ ತಾವೇ ಬರೆದರು. ರಜೆ ಚೀಟಿಯನ್ನೂ ಗಿಟ್‌ನಲ್ಲಿ ಇಡುತ್ತಿದ್ದವರು ಅದನ್ನೂ ಅಲ್ಲಿಯೇ ಕಮಿಟ್ ಮಾಡಿ ಕಳಿಸಿದರು. ನಾನು ಉಳಿದುಕೊಂಡೆ. ಲ್ಯಾಬಿನ ಕೆಲಸವನ್ನು ರಘು ಸರ್ ಅವರ ಕೈಯಿಂದ ತೆಗೆದರು. ಎರಡು ತಿಂಗಳಿಗೆ ಮಹಾಂತೇಶ ಸರ್ ಕೆಲಸ ಬಿಟ್ಟು ಊರಿಗೆ ಹೊರಟರು.

ಕೊನೆಯ ದಿನ ಡಬ್ಬಿಯ ಚೀಲ ಹೆಗಲಿಗೇರಿಸಿ ಮೆಟ್ಟಿಲ ಬಳಿ ನಿಂತು, "ನನ್ನ ಮಷೀನ್ ನಿನಗ ಕೊಟ್ಟಾರ. ಅಳಸೂ ಮುಂಚೆ ಒಮ್ಮೆ ನೋಡವಾ," ಎಂದರು. ಎಂದರೋ, ಆಮೇಲೆ ನಡೆದದ್ದರಿಂದ ನಾನೇ ಕಟ್ಟಿಕೊಂಡೆನೋ. ದಿನಚರಿಯಲ್ಲಿ 'ಮಹಾಂತೇಶ ಸರ್ ಹೋದರು' ಎಂದಷ್ಟೇ ಇದೆ. ಅವರನ್ನು ಮತ್ತೆ ನೋಡಲಿಲ್ಲ.

ಮರುದಿನ ಅವರ ಕುರ್ಚಿಯಲ್ಲಿ ಕೂತು ಗಿಟ್‌ನ ಸ್ಥಿತಿ ನೋಡಿದೆ. ಯಾವತ್ತೂ ಚೊಕ್ಕಟವಾಗಿರುತ್ತಿದ್ದ ಅವರ ಮಷೀನಿನಲ್ಲಿ ಒಂದು ಹೆಸರು ಕೆಂಪಾಗಿತ್ತು. ಆಸ್ಪತ್ರೆಗೆ ಕಳಿಸಿದ ಅದೇ ವಿವರಣೆ. ಕಮಿಟ್ ಆದ ಪ್ರತಿಯಲ್ಲಿ 'ಪರಿಶೀಲಿಸುವುದು ನನ್ನ ಹೊಣೆ. ನಾನು ಪರಿಶೀಲಿಸಲಿಲ್ಲ' ಎಂದಿತ್ತು. ಬರೆದು, ತಾಟಿಗೆ ಹಾಕದೆ ಕೈಯಲ್ಲೇ ಉಳಿಸಿಕೊಂಡ ಸಾಲು ಒಂದೇ. ಅದು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ: 'ನೋಡಿದ್ದೀಯಾ ಎಂದು ಕೇಳಿದೆ, ನೋಡಿದ್ದೇನೆ ಎಂದಳು.'

ಎಂದಳು. ತಲೆಯಾಡಿಸಿದಳು ಎಂದಲ್ಲ.

ಗಿಟ್‌ಗೆ ಒಂದೇ ಆಜ್ಞೆ ಕೊಟ್ಟಿದ್ದರೆ ಆ ಸಾಲು ಹೇಳಹೆಸರಿಲ್ಲದಂತೆ ಅಳಿಸಿಹೋಗುತ್ತಿತ್ತು. ಒಳಕೋಣೆಯಲ್ಲಿ ರಘು ಸರ್ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದರು. ಸಾಲನ್ನು ತಾಟಿಗೆ ಹಾಕಿದೆ. ಪರದೆಯ ಮಬ್ಬು ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಪದವನ್ನು ಓದಿದೆ, ಒಳಕೋಣೆಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ನನ್ನ ಹೆಸರಿನಲ್ಲಿ ಕಮಿಟ್ ಮಾಡಿದೆ.