ಊರು ತಿಳಿಯದ ಮೂರು ಚಿಪ್ಪು

ರಾಗಿಕಾಳಿನಷ್ಟು ಸಣ್ಣ ಶಂಖವನ್ನು ಒದ್ದೆ ಕುಂಚದ ತುದಿಯಿಂದ ಎತ್ತುವಾಗ ಮೇಡಂ ಉಸಿರು ಬಿಗಿಹಿಡಿಯುತ್ತಿದ್ದರು. ಬಿಟ್ಟರೆ ಅದು ಹಾರಿಹೋಗುತ್ತಿತ್ತು. ಎದುರಿಗೆ ನಿಂತ ನಾನೂ ಉಸಿರು ಹಿಡಿಯುತ್ತಿದ್ದೆ.

ಕೊಯಮತ್ತೂರಿನ ಆ ಮ್ಯೂಸಿಯಮ್ಮಿನಲ್ಲಿ ಚಿಪ್ಪುಗಳ ವಿಭಾಗ ಅವರದು. ನಾನು ಅಟೆಂಡರ್. ಐದನೇ ಕ್ಲಾಸಿಗೆ ಓದು ಬಿಟ್ಟು ಮಗ್ಗಕ್ಕೆ ಕೂತವನು, ಆಮೇಲೆ ಅಲ್ಲಿ ಸೇರಿದೆ. ನಾನು ಒರೆಸಿದ ಗಾಜಿನ ಮೇಲೆ ಹುಡುಕಿದರೂ ಬೆರಳಿನ ಗುರುತು ಸಿಗುತ್ತಿರಲಿಲ್ಲ. ಇದನ್ನು ಈಗಲೂ ಹೇಳಿಕೊಳ್ಳುತ್ತೇನೆ. ಮೇಡಂ ಕಿಣತ್ತುಕಡವು ಕಡೆಯ ಕನ್ನಡದ ಒಕ್ಕಲು ಮನೆಯವರು, ನಮ್ಮ ಮನೆಮಾತೂ ಕನ್ನಡವೇ. ಬೇರೆಯವರ ಹತ್ತಿರ ತಮಿಳು, ನನ್ನ ಹತ್ತಿರ ಮನೆಯ ಕನ್ನಡ.

ಎಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂತು. ಚಪ್ಪಲಿ ಬಿಟ್ಟು ಅದನ್ನಿಟ್ಟ ಕೋಣೆಗೆ ಹೋಗಬೇಕು. ಹಳೇ ರಿಜಿಸ್ಟರಿನಲ್ಲಿದ್ದ ಪ್ರತಿ ಚಿಪ್ಪಿನ ಹೆಸರು, ಅಳತೆ, ಸಿಕ್ಕಿದ ಊರು ಎಲ್ಲವನ್ನೂ ಮೇಡಂ ಅದರೊಳಗೆ ಟೈಪ್ ಹೊಡೆಯತೊಡಗಿದರು.

ಒಂದು ದಿನ ಅವರು ಮೀಟಿಂಗಿಗೆ ಹೋಗಿದ್ದರು. ಅಂಥ ಯಂತ್ರದ ಮುಂದೆ ಕೊಳಕು ಸಾಮಾನು ಇಡುವುದೇ ಎಂದು ನಾನು ಒಂದು ಡ್ರಾಯರಿನ ನಲವತ್ತು ಬಸವನಹುಳದ ಚಿಪ್ಪುಗಳನ್ನೂ ಸೀಗೆಪುಡಿ ಹಾಕಿ ಉಜ್ಜಿ ತೊಳೆದೆ. ಹೊಸ ಪಿಂಗಾಣಿಯಂತೆ ಹೊಳೆದವು. ಹೊಗಳುತ್ತಾರೆಂದು ಕಾದು ನಿಂತೆ.

ಮೇಡಂ ಬಂದವರು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಇದ್ರ ಮೇಲೆ ಕಪ್ಪಗೆ, ಇರುವೆ ಕಾಲಿನಂಗೆ ಇತ್ತಲ್ಲ, ತಂಬಿ?"

"ಕೊಳೆ ಅಂತ ಉಜ್ಜಿದೆ ಮೇಡಂ."

"ಅದು ನಂಬರು. ಅದ ನೋಡಿ ತಾನೇ ರಿಜಿಸ್ಟರಲ್ಲಿ ಊರು ಹುಡುಕೋದು? ಊರು ಹೋದ್ರೆ ಇದು ಬರೀ ಸುಣ್ಣ."

ಕೆಲಸ ಹೋಯಿತೆಂದುಕೊಂಡೆ. ಅವರು ಬೈಯಲಿಲ್ಲ. ಮಾರನೇ ದಿನದಿಂದ ರಿಜಿಸ್ಟರ್ ಬಿಡಿಸಿಟ್ಟು, ಒಂದೊಂದನ್ನೂ ಅಳೆದು, ಸುರುಳಿ ಎಣಿಸಿ, ಅಂಚಿನ ಬಿರುಕು ನೋಡಿ, ಅಲ್ಲಿ ಬರೆದದ್ದರ ಜೊತೆ ತಾಳೆ ಹಾಕಿದರು. ಹನ್ನೊಂದು ದಿನ. ನಾನು ಟಾರ್ಚ್ ಹಿಡಿದಿದ್ದೆ. ಮೂವತ್ತೇಳು ಚಿಪ್ಪುಗಳಿಗೆ ಊರು ತಿರುಗಿ ಬಂತು. ಗುಡಿಯಲ್ಲೂ ನಾನು ಅಷ್ಟು ಭಕ್ತಿಯಿಂದ ನಿಂತವನಲ್ಲ.

ಉಳಿದ ಮೂರೂ ಒಂದೇ ಅಳತೆಯವು; ರಿಜಿಸ್ಟರಿನಲ್ಲಿ ಉಳಿದ ಮೂರು ಊರುಗಳಲ್ಲಿ ಯಾವುದು ಯಾವುದರದೆಂದು ಹೇಳುವಂತಿರಲಿಲ್ಲ. ಅದರಲ್ಲೊಂದನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕರು.

"ಇದು ಮೆಟ್ಟುಪಾಳ್ಯದ್ದು. ಕಾಲೇಜಲ್ಲಿದ್ದಾಗ ಬೆಟ್ಟದ ಬುಡದಲ್ಲಿ ನಾನೇ ಎತ್ತಿದ್ದು."

"ಹಂಗಾದ್ರೆ ಹೊಡೆದುಬಿಡಿ ಮೇಡಂ!"

"ಇದೇ ಅಂತ ಮನಸ್ಸು ಹೇಳ್ತದೆ. ಮನಸ್ಸು ಸಾಕ್ಷಿ ಆಗ್ತದಾ?"

ಮೂರಕ್ಕೂ 'ಊರು ತಿಳಿಯದು' ಎಂದೇ ಹೊಡೆದರು. ಕೆಳಗೆ ಕಾರಣ: ತೊಳೆದಾಗ ನಂಬರು ಅಳಿಸಿಹೋಯಿತು.

"ನನ್ನ ಹೆಸರು ಹಾಕಿ," ಎಂದೆ. ತಪ್ಪು ಮುಚ್ಚಿಡುವವನಲ್ಲ ನಾನು.

"ಬೇಡ ತಂಬಿ. ಬೀರು ಕೀಲಿ ನಿನ್ನ ಕೈಲಿ ಕೊಟ್ಟವಳು ನಾನು ತಾನೇ," ಎಂದು ತಮ್ಮ ಹೆಸರನ್ನೇ ಹೊಡೆದರು.

ಅವರು ತೀರಿಕೊಂಡ ಮೇಲೆ ಬಂದ ಆಫೀಸರು ಪಟ್ಟಿ ನೋಡುತ್ತ ನನ್ನನ್ನು ಕರೆಸಿದರು. ಈ ಮೂರು ಎಲ್ಲಿಯವೆಂದು ಮೇಡಂ ಏನಾದರೂ ಹೇಳಿದ್ದರೇ ಎಂದು ತಮಿಳಿನಲ್ಲಿ ಕೇಳಿದರು. ಅಷ್ಟು ಓದಿದವರಿಗೆ ತಿಳಿಯದ್ದು ನನಗೆ ತಿಳಿದಿತ್ತು. ಮೆಟ್ಟುಪಾಳ್ಯ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಒಂದರದ್ದು ಹೇಳಿದ್ರು ಸಾರ್," ಎಂದೆ. "ಬರೆಯೋ ಹಾಗಿಲ್ಲ ಅಂತಾನೂ ಹೇಳಿದ್ರು."